ಚೌಕಳಿ ಚಾದರದ ಮೇಲೆ ಎಡಗೈ

೫ ಜನವರಿ ೨೦೨೫, ರವಿವಾರ

ಯಾರ ಮುಂದೆ ಹೇಳಿಕೊಳ್ಳುವುದೆಂದು ತಿಳಿಯದೆ ಹಳೆಯ ಹಾಜರಿ ಪುಸ್ತಕದ ಹಿಂದಿನ ಖಾಲಿ ಹಾಳೆಗಳಿಗೆ ಬಂದಿದ್ದೇನೆ. ಮಾವನವರಿಗೆ ಲಕ್ವಾ ಹೊಡೆದು ಇವತ್ತಿಗೆ ಹದಿಮೂರು ದಿನ. ಬಲಗೈ ಬಲಗಾಲು ಬಿದ್ದುಹೋಗಿವೆ. ನಾಲಗೆ ಹೊರಳುವುದಿಲ್ಲ. ಬಾಯಿ ತೆರೆದರೆ ‘ಬ’ ಅನ್ನುವಂಥ ಒಂದು ಸದ್ದು, ಅದೂ ಅಪರೂಪಕ್ಕೆ. ನಿನ್ನೆ ಹುಬ್ಬಳ್ಳಿಯ ಆಸ್ಪತ್ರೆಯಿಂದ ಅಣ್ಣಿಗೇರಿಗೆ ಕರೆತಂದು, ಪಡಸಾಲೆಯಲ್ಲಿ ಮಂಚ ಹಾಕಿ, ಬೆನ್ನಿಗೆ ಎರಡು ಲೋಡು ಕೊಟ್ಟು ಕೂರಿಸಿದ್ದೇವೆ.

ಈ ಮನುಷ್ಯನ ಜೊತೆ ಒಂಬತ್ತು ವರ್ಷ ಒಂದೇ ಸೂರಿನಡಿ ಇದ್ದೇನೆ. ಆಡಿದ ಮಾತು ಲೆಕ್ಕ ಹಾಕಿದರೆ ಒಂದು ಪುಟ ತುಂಬಲಿಕ್ಕಿಲ್ಲ. ಆದರೆ ನಾನು ಬರೆದ ಕಿರಾಣಿ ಚೀಟಿಯನ್ನು ಕೆಂಪು ಪೆನ್ನಿನಲ್ಲಿ ತಿದ್ದಿಯೇ ಅಂಗಡಿಗೆ ಕಳಿಸುತ್ತಿದ್ದರು. ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಎಷ್ಟು ಉರಿದಿರಬೇಡ. ಮನೆಯ ಮುಂದಿನ ಖೋಲಿಯೇ ಅವರ ಪ್ರೆಸ್ಸು. ಹದಿನಾಲ್ಕು ವರ್ಷದಿಂದ ಕೀಲಿ ಬಿದ್ದಿದೆ. ಹಿಂದೆ ಊರಿನ ಲಗ್ನಪತ್ರಿಕೆಗಳೆಲ್ಲ ಅಲ್ಲೇ ಹುಟ್ಟುತ್ತಿದ್ದವಂತೆ. ಈಗ ಜಿರಳೆ ಹುಟ್ಟುತ್ತವೆ.

ಇವತ್ತು ಅತ್ತಿ ಇನ್ನೊಂದು ಪೇಚು ತಂದಿಟ್ಟರು. ಮಂಚದ ಮುಂದೆ ನಿಂತು, ಮಾವನವರಿಗೆ ಕೇಳುವ ಹಾಗೇ, “ಇವರ ಬಾಯಿಂದ ಒಂದ ಮಾತು ಬರೂತನಕ ನಾ ಒಪ್ಪತ್ತ ಉಣ್ಣಾಕಿ. ಅಮೃತೇಶ್ವರಗ ಹೇಳಿ ಬಂದೀನಿ,” ಎಂದರು. ಸಕ್ಕರೆ ಕಾಯಿಲೆಯವರು, ಎರಡು ಹೊತ್ತು ಗುಳಿಗೆ ನುಂಗುವವರು, ಇನ್ನು ದಿನಕ್ಕೆ ಒಂದೇ ಊಟ. ನನ್ನ ಗಂಡ ಈರೇಶ ಬಯ್ದರು, ನಾನೂ ಬಯ್ದೆ. ಕಲ್ಲಿಗೆ ಹೇಳಿದ ಹಾಗಾಯಿತು.

೯ ಜನವರಿ, ಗುರುವಾರ

ಹುಬ್ಬಳ್ಳಿಗೆ ಮತ್ತೆ ಹೋಗಿಬಂದೆವು. ಮಾತು ಕಲಿಸುವ ತಜ್ಞೆ ವರ್ಣಮಾಲೆಯ ಹಾಳೆಯೊಂದನ್ನು ಮೇಜಿನ ಮೇಲೆ ಇಟ್ಟು, “ಅಜ್ಜಾರ, ನಿಮ್ಮ ಹೆಸರಿಂದು ಮೊದಲನೇ ಅಕ್ಷರ ತೋರಸ್ರಿ,” ಎಂದಳು. ಮಾವನವರು ಎಡಗೈ ಎತ್ತಿ, ಹಾಳೆ ದಾಟಿ, ಮೇಜಿನ ಮೇಲಿನ ಎಡಮೂಲೆಯಲ್ಲಿ ಬೆರಳಿಟ್ಟರು. ಅಲ್ಲಿ ಬರೀ ಕಟ್ಟಿಗೆ. ಮೂರು ಸಲ ಕೇಳಿದಳು. ಮೂರು ಸಲವೂ ಅದೇ ಮೂಲೆ. ಆಮೇಲೆ ಹಾಳೆಯನ್ನೇ ಪಕ್ಕಕ್ಕೆ ಸರಿಸಿಬಿಟ್ಟರು.

“ತಿಳಿವಳಿಕಿಗೂ ಪೆಟ್ಟು ಬಿದ್ದಿರಬೇಕ್ರಿ. ಒಂದು ತಿಂಗಳು ಬಿಟ್ಟು ನೋಡೂಣು,” ಎಂದಳು. ಬರುವಾಗ ಕಾರು ಈರೇಶ ನಡೆಸುತ್ತಿದ್ದರು. ನಲವಡಿ ದಾಟಿದ ಮೇಲೆ, “ಅಪ್ಪ ಹೋಗಿಬಿಟ್ಟ, ಐಶೂ. ಮೈ ಅಷ್ಟ ಉಳದೇತಿ,” ಎಂದರು. ಹಿಂದಿನ ಸೀಟಿನಲ್ಲಿ ಮಾವನವರು ನನ್ನ ಭುಜಕ್ಕೆ ಒರಗಿ ಕೂತಿದ್ದರು.

ಇನ್ನೊಂದು ಹೊಸದು ಶುರುವಾಗಿದೆ. ಹೊದ್ದ ಚೌಕಳಿ ಚಾದರದ ಮೇಲೆ ಎಡಗೈ ದಿನವಿಡೀ ಓಡಾಡುತ್ತದೆ. ಒಂದು ಚೌಕದಿಂದ ಏನೋ ಹೆಕ್ಕಿದಂತೆ ಮಾಡಿ, ಬಿದ್ದಿರುವ ಬಲಗೈಯ ಅಂಗೈಯಲ್ಲಿ ಇಡುತ್ತಾರೆ. ಇನ್ನೊಂದು ಚೌಕ, ಮತ್ತೆ ಅಂಗೈ. ನಾವು ಏನು ಕೇಳಿದರೂ ತಲೆ ಎತ್ತುವುದಿಲ್ಲ, ಕಣ್ಣೆಲ್ಲ ಚಾದರದ ಮೇಲೆ. ಅಡಿಗೆಮನೆಯಲ್ಲಿ ಅತ್ತಿ ನನ್ನ ರಟ್ಟೆ ಹಿಡಿದು, “ಹಾಸಿಗಿ ಕೆದರಾಕ ಹತ್ತ್ಯಾರ. ಹೋಗೂ ಮುಂದ ನಮ್ಮಪ್ಪನೂ ಹಿಂಗ ಮಾಡಿದ್ದ,” ಎಂದು ಅತ್ತರು.

೧೪ ಜನವರಿ, ಮಂಗಳವಾರ

ಸಂಕ್ರಮಣ. ಎಳ್ಳು ಬೆಲ್ಲಕ್ಕೆ ಯಾರೂ ಬರಲಿಲ್ಲ, ನಾವೂ ಹೋಗಲಿಲ್ಲ. ಮಂಚದ ಬಾಜು ಕೂತು ಅನುವಾದಕ್ಕೆ ಕೈ ಹಾಕಿದೆ. ಕಸುಬುಗಳ ಕೋಶವೊಂದಕ್ಕೆ ಬರೆದುಕೊಡಬೇಕಾದ ಲೇಖನ. ಅಮೆರಿಕ ಇನ್ನೂ ಇಂಗ್ಲಿಷರ ಕೈಯಲ್ಲಿದ್ದ ಕಾಲದ ಮುದ್ರಕನ ಬದುಕು. ಫೆಬ್ರುವರಿ ಹದಿನೈದಕ್ಕೆ ಮುಗಿಯಬೇಕು. ಇದೇ ಸಿಗಬೇಕೇ ನನಗೆ, ಮನೆಯಲ್ಲೊಂದು ಸತ್ತ ಪ್ರೆಸ್ಸು ಸಾಲದೆಂದು, ಎಂದುಕೊಂಡು ಶುರುಮಾಡಿದೆ.

ಆದರೆ ಓದುತ್ತ ಹೋದಂತೆ ಬಾಯಿ ತೆರೆದು ಕೂತುಬಿಟ್ಟೆ. ಕುರಿಯ ತೊಗಲಿನ ಚೆಂಡಿಗೆ ಉಣ್ಣೆ ತುಂಬಿ, ಅದರಿಂದ ಶಾಯಿ ಹಚ್ಚುತ್ತಿದ್ದರಂತೆ. ತೊಗಲು ಮೆತ್ತಗಿರಲೆಂದು ಅದನ್ನು ಉಚ್ಚೆಯಲ್ಲಿ ನೆನೆಹಾಕುತ್ತಿದ್ದರಂತೆ. ದೀಪದ ಕಾಡಿಗೆಯನ್ನು ಅಗಸಿ ಎಣ್ಣೆಯಲ್ಲಿ ಅರೆದರೆ ಶಾಯಿ. ಹಾಳೆಯನ್ನು ಹಿಂದಿನ ದಿನವೇ ಒದ್ದೆ ಮಾಡಿ ಇಡಬೇಕು, ಇಲ್ಲದಿದ್ದರೆ ಅಚ್ಚು ಊರುವುದಿಲ್ಲ. ಒಬ್ಬ ಶಾಯಿ ಬಡಿಯಬೇಕು, ಇನ್ನೊಬ್ಬ ಮೈಯ ಬಲವೆಲ್ಲ ಹಾಕಿ ಪ್ರೆಸ್ಸಿನ ಸನ್ನೆಗೋಲು ಎಳೆಯಬೇಕು. ಹಾಗೆ ಎಳೆದೆಳೆದು ಮುದ್ರಕರ ಒಂದು ಭುಜ ಇನ್ನೊಂದಕ್ಕಿಂತ ದಪ್ಪವಾಗುತ್ತಿತ್ತಂತೆ. ಅಕ್ಷರಗಳು ಇಂಗ್ಲೆಂಡಿನಿಂದ ಹಡಗಿನಲ್ಲಿ ಬರಬೇಕು. ಕಾಗದಕ್ಕಾಗಿ ಹರಕು ಬಟ್ಟೆ ಕೊಡಿರೆಂದು ಊರ ಹೆಂಗಸರನ್ನು ಪತ್ರಿಕೆಯಲ್ಲೇ ಬೇಡಿಕೊಳ್ಳುತ್ತಿದ್ದರು. ಗಂಡ ಸತ್ತರೆ ಹೆಂಡತಿ ಅದೇ ಪ್ರೆಸ್ಸು ನಡೆಸುತ್ತಿದ್ದಳು. ಎಲ್ಲಕ್ಕಿಂತ ಹೆಚ್ಚು ಮಾರಾಟವಾಗುತ್ತಿದ್ದುದು ಪಂಚಾಂಗ.

ಒಂದು ಹಾಳೆಗೆ ಇಷ್ಟು ಮೈಮುರಿತವೇ. ನಾನು ದಿನಕ್ಕೆ ಎಷ್ಟು ಹಾಳೆ ಮುದುಡಿ ಎಸೆಯುತ್ತೇನೆ. ನಾಚಿಕೆಯೆನಿಸಿತು. ಒಂದು ಪುಟ ಮಾವನವರಿಗೆ ಓದಿ ಹೇಳಿದೆ. ಚಾದರದ ಮೇಲಿನ ಕೈ ಸ್ವಲ್ಪ ಹೊತ್ತು ನಿಂತಂತೆ ಕಂಡಿತು. ನನ್ನ ಭ್ರಮೆ ಇರಬೇಕು.

೧೯ ಜನವರಿ, ರವಿವಾರ

ಲೇಖನದ ಅರ್ಧ ಶಬ್ದಗಳಿಗೆ ಕನ್ನಡ ಏನೆಂದು ಗೊತ್ತಿಲ್ಲ. ಹೇಳಬೇಕಾದವರು ಮಾತಾಡುವುದಿಲ್ಲ. ಅಷ್ಟರಲ್ಲಿ ರಾಜಮಾಬಿ ಚಾಚಿ ತಾವಾಗಿಯೇ ಬಂದರು. ಮಾವನವರ ಕೈಕೆಳಗೆ ಇಪ್ಪತ್ತೆರಡು ವರ್ಷ ಅಕ್ಷರ ಜೋಡಿಸಿದವರು. ಈಗ ಮೊಮ್ಮಕ್ಕಳನ್ನು ಶಾಲೆಗೆ ಬಿಟ್ಟು ಬರುವುದೇ ಕೆಲಸ.

“ಟೈಪ್ ಅಂದ್ರ ಮೊಳಿರಿ,” ಎಂದರು. “ಮೊಳಿ ಇಡೂ ಹಲಗಿ ಕೇಸು. ಅದರಾಗಿನ ಒಂದೊಂದು ಮನಿ ಖಾನೆ. ಕಾಗುಣಿತದ ಗುರುತಿಗೂ ಬ್ಯಾರೆ ಮೊಳಿ. ಜೋಡಸಾಕ ಕೈಯಾಗ ಹಿಡಿಯೂದು ಸ್ಟಿಕ್ಕು.” ಬರೆದುಕೊಂಡೆ. ಮೊಳೆಗಳ ಮೇಲೆ ಅಕ್ಷರ ತಿರುವುಮುರುವಾಗಿ ಇರುತ್ತದೆ, ಅದನ್ನು ಹಾಗೇ ಓದಬೇಕು ಎಂದಾಗ, “ಈಗೂ ಬರ್ತೈತೇನ್ರಿ ಚಾಚಿ?” ಎಂದು ಕೇಳಿದೆ. “ನಂಗ ಸೀದಾ ಓದೂದ ತ್ರಾಸ,” ಎಂದು ನಕ್ಕರು.

ಮಾವನವರ ಹತ್ತಿರ ಹೋಗಿ, “ಮಾಲಕ್ರ, ನಾನ್ರಿ,” ಎಂದರು. ಅವರು ತಲೆ ಎತ್ತಲಿಲ್ಲ. ಕೈ ಹೆಕ್ಕುತ್ತಲೇ ಇತ್ತು. ಚಾಚಿ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಬಂದರು. “ಮೊದಲೂ ಹಿಂಗ. ಮೊಳಿ ಜೋಡಸೂ ಮುಂದ ಸಾಕ್ಷಾತ್ ಕಲೆಕ್ಟರ್ ಬಂದ್ರೂ ತಲಿ ಎತ್ತತಿದ್ದಿಲ್ಲ. ಪ್ರೆಸ್ ಮುಚ್ಚಿದ ದಿನಾ ಎಲ್ಲಾ ಮೊಳಿ ತಮ್ಮ ತಮ್ಮ ಖಾನ್ಯಾಗ ಹಾಕೇನ ಕೀಲಿ ಹಾಕಿದ್ರು. ಒಂದು ಹೊರಗ ಬಿಟ್ಟಿದ್ದಿಲ್ಲ.” ಮುಚ್ಚುವ ಅಂಗಡಿಗೆ ಅಷ್ಟು ಒಪ್ಪ ಯಾಕೆ ಎಂದು ನನಗೆ ಅನಿಸಿತು.

೨೪ ಜನವರಿ, ಶುಕ್ರವಾರ

ಅತ್ತಿ ಹಿತ್ತಲಲ್ಲಿ ತಲೆತಿರುಗಿ ಬಿದ್ದರು. ಸಕ್ಕರೆ ತೀರಾ ಇಳಿದಿತ್ತು. ಪಡಸಾಲೆಗೆ ಹಿಡಿದು ತಂದು ಬೆಲ್ಲದ ನೀರು ಕುಡಿಸಿದೆ, ಅದಕ್ಕೂ “ಹರಕಿ ಮುರೀತೇನು?” ಎಂದು ಕೇಳಿದರು. ಸಿಟ್ಟಿಗೆ ಲೋಟ ನೆಲಕ್ಕೆ ಕುಕ್ಕಿದೆ. ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ, ಇನ್ನೊಮ್ಮೆ ಹೀಗಾದರೆ ಮನೆಯಲ್ಲಿ ಎರಡು ಮಂಚ.

ಇಷ್ಟೆಲ್ಲ ಮಾವನವರ ಎದುರಿಗೇ ನಡೆಯಿತು. ಅವರ ಕೈ ಚಾದರವನ್ನು ಹರಿದುಬಿಡುವ ಹಾಗೆ ಓಡುತ್ತಿತ್ತು.

೨೯ ಜನವರಿ, ಬುಧವಾರ

ಈರೇಶ ಗುಜರಿ ಗುಡದಪ್ಪನಿಗೆ ಹೇಳಿ ಬಂದಿದ್ದಾರೆ. ಸೋಮವಾರ ಟೆಂಪೊ ತಂದು ಯಂತ್ರ, ಮೊಳೆ ಎಲ್ಲ ಒಯ್ಯುತ್ತಾನೆ. ಖೋಲಿ ಖಾಲಿಯಾದರೆ ಮಾವನವರ ಮಂಚ ಅಲ್ಲಿಗೆ, ಗಾಳಿ ಬೆಳಕು ಚೆನ್ನಾಗಿದೆ. “ಇನ್ನ ಅಪ್ಪಗ ಅದು ಬೇಕಾಗೂದಿಲ್ಲ. ಗೊತ್ತೂ ಆಗೂದಿಲ್ಲ,” ಎಂದು ಪ್ರೆಸ್ಸಿನ ಕೀಲಿಕೈ ನನ್ನ ಕೈಗಿಟ್ಟರು. ನನಗೂ ಬೇಡ ಅನ್ನಲು ಕಾರಣ ಸಿಗಲಿಲ್ಲ. ಆದರೂ ಒಳಗೆ ಹೋಗಿ ಒಂದು ಸಲ ಕೇಸುಗಳನ್ನು ನೋಡಿ ಬಂದೆ. ಇಂಗ್ಲೆಂಡಿನಿಂದ ಆರು ವಾರ ಹಡಗಿನಲ್ಲಿ ಬಂದದ್ದನ್ನು ಆ ಮುದ್ರಕ ಹೇಗೆ ಮುಟ್ಟಿರಬಹುದು ಎಂದು ಒಂದು ಮೊಳೆ ಎತ್ತಿ ಹಿಡಿದೆ. ಇಷ್ಟು ಸಣ್ಣದು ಇಷ್ಟು ಭಾರ. ಒರೆಸಿ ಅದರ ಖಾನೆಗೇ ಹಾಕಿದೆ.

ಇವತ್ತು ಅನುವಾದಿಸಿದ ಭಾಗ: ಕೇಸಿನಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಇರುವುದಿಲ್ಲ. ಹೆಚ್ಚು ಬೇಕಾಗುವವು ಕೈಗೆ ಹತ್ತಿರ, ದೊಡ್ಡ ಖಾನೆಗಳಲ್ಲಿ. ಅಪರೂಪದವು ದೂರದ ಮೂಲೆಗಳಲ್ಲಿ. ಎರಡು ಶಬ್ದಗಳ ನಡುವೆ ಇಡುವ ಖಾಲಿ ಮೊಳೆ ತೀರಾ ಹತ್ತಿರ. ನುರಿತವನು ಕಣ್ಣು ಮುಚ್ಚಿ ಹೆಕ್ಕುತ್ತಾನೆ.

ಗಂಜಿ ಕುಡಿಸುತ್ತ ಬೇಜಾರಿಗೆ ಮಾವನವರ ಕೈ ಎಣಿಸಿದೆ. ಹನ್ನೆರಡು ಸಲ ಹೆಕ್ಕುತ್ತಾರೆ, ಆಮೇಲೆ ಅಂಗೈಯನ್ನು ಒಮ್ಮೆ ತಟ್ಟುತ್ತಾರೆ. ಮತ್ತೆ ಹನ್ನೆರಡು, ಮತ್ತೆ ತಟ್ಟು. ಐದನೆಯದು ಎಂಟನೆಯದು ಒಂದೇ ಜಾಗ, ಹೊಟ್ಟೆಯ ಹತ್ತಿರ. ಹುಚ್ಚಿಗೂ ಒಂದು ತಾಳ ಇರುತ್ತದೆಂದು ಬೇಸರವಾಯಿತು.

೩೧ ಜನವರಿ, ಶುಕ್ರವಾರ

ಅತ್ತಿ ರಾತ್ರಿ ಕುಡಿಯುತ್ತಿದ್ದ ಹಾಲೂ ಬಿಟ್ಟರು.

೨ ಫೆಬ್ರುವರಿ, ರವಿವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ ಬಂದರೆ ಬರಲಿ.

ಬೆಳಿಗ್ಗೆ ಮಿಂದು ಬಂದು ಪಡಸಾಲೆಯ ಕಪಾಟಿನ ಕನ್ನಡಿ ಮುಂದೆ ತಲೆ ಬಾಚುತ್ತಿದ್ದೆ. ಹಿಂದಿನ ಮಂಚ ಕನ್ನಡಿಯಲ್ಲಿ ಕಾಣುತ್ತಿತ್ತು. ಬಾಚಣಿಗೆ ಕೂದಲಲ್ಲೇ ನಿಂತಿತು. ಕನ್ನಡಿಯೊಳಗಿನ ಮುದುಕ ಬಲಗೈಯಿಂದ ಹೆಕ್ಕಿ ಹೆಕ್ಕಿ ಎಡ ಅಂಗೈಯಲ್ಲಿ ಇಡುತ್ತಿದ್ದ. ತಲೆ ಬಗ್ಗಿಸಿ, ಕಣ್ಣು ಕಿರಿದು ಮಾಡಿ, ತುಟಿ ಒತ್ತಿಕೊಂಡು. ಲೇಖನದ ನಾಲ್ಕನೇ ಪುಟದ ಚಿತ್ರ ಅದೇ. ಎಡಗೈಯಲ್ಲಿ ಸ್ಟಿಕ್ಕು ಹಿಡಿದು ಬಲಗೈಯಿಂದ ಮೊಳೆ ಆರಿಸುವ ಆ ಅಮೆರಿಕದ ಮುದ್ರಕ. ಬಲಗೈ ಬಿದ್ದುಹೋದವನು ಏನು ಮಾಡಬೇಕು? ಎಡಗೈಯಿಂದ ಹೆಕ್ಕಬೇಕು, ಬಿದ್ದ ಕೈಯನ್ನೇ ಸ್ಟಿಕ್ಕು ಮಾಡಿಕೊಳ್ಳಬೇಕು. ನಾವು ಅದನ್ನು ಸಾವಿನ ಗುರುತು ಎಂದು ಇಪ್ಪತ್ತೈದು ದಿನ ನೋಡುತ್ತ ಕೂತೆವು.

ಹಸಿ ಕೂದಲಲ್ಲೇ ಓಡಿಹೋಗಿ ರಾಜಮಾಬಿ ಚಾಚಿಯನ್ನು ಕರೆತಂದೆ. ದಾರಿಯಲ್ಲೇ ಕೇಳಿದೆ, “ಚಾಚಿ, ಕೇಸಿನ್ಯಾಗ ‘ಶ’ ಎಲ್ಲಿ ಇರ್ತೈತ್ರಿ?” ಅವರು ನಡೆಯುತ್ತಲೇ ಗಾಳಿಯಲ್ಲಿ ಎಡಗಡೆ ಮೇಲಿನ ಮೂಲೆ ತೋರಿಸಿದರು. “ಅಲ್ಲಿ. ತುದೀಗೆ.” ಹುಬ್ಬಳ್ಳಿಯಲ್ಲಿ ಅವರು ಬೆರಳಿಟ್ಟ ಕಟ್ಟಿಗೆಯ ಮೂಲೆ. ಶಂಕ್ರಪ್ಪ ಎಂಬ ಹೆಸರಿನ ಮೊದಲ ಅಕ್ಷರವನ್ನು ಆ ಮನುಷ್ಯ ಮೂರು ಸಲ ಸರಿಯಾಗಿಯೇ ತೋರಿಸಿದ್ದರು. ನನಗೆ ದಾರಿಯಲ್ಲೇ ಅಳು ಬಂತು.

ಈರೇಶ ಮೊದಲು ನಂಬಲಿಲ್ಲ. “ಸುಮ್ನ ಆಸೆ ಹಚ್ಚಬ್ಯಾಡ ನಂಗ,” ಎಂದರು. ಆದರೆ ಕೇಸು ಹೊರಲು ಅವರೇ ಮುಂದಾದರು. ಎರಡು ಕೇಸು ತಂದು ಮಂಚಕ್ಕೆ ಅಡ್ಡವಾಗಿ ಹಲಗೆ ಹಾಕಿ ಇಟ್ಟೆವು. ಚಾಚಿ ಸೆರಗಿನಿಂದ ಧೂಳು ಹೊಡೆದರು. ನಾನು ಸ್ಟಿಕ್ಕನ್ನು ಮಾವನವರ ಬಲ ಅಂಗೈಯಲ್ಲಿಟ್ಟು, ಕೆಳಗೆ ನನ್ನ ಕೈ ಕೊಟ್ಟು ಹಿಡಿದೆ.

ಲಕ್ವಾ ಹೊಡೆದ ಮೇಲೆ ಮೊದಲ ಸಲ ಅವರು ತಲೆ ಎತ್ತಿ ನನ್ನನ್ನು ನೋಡಿದರು. ಅಂಥ ನೋಟವನ್ನು ನಾನು ಯಾರ ಮುಖದಲ್ಲೂ ಕಂಡಿಲ್ಲ. ಕಡೆಗೂ ಬಂದೆಯಾ ಎನ್ನುವ ಹಾಗೆ. ಆಮೇಲೆ ತಲೆ ಬಗ್ಗಿಸಿದರು.

ಮೊದಲ ಮೊಳೆ ಎರಡು ಸಲ ಜಾರಿತು. ಮೂರನೆಯ ಸಲ ಸ್ಟಿಕ್ಕಿನಲ್ಲಿ ಟಕ್ಕೆಂದು ಕೂತಿತು. ನನಗೆ ಆ ಕೈಯ ಓಡಾಟ ಬಾಯಿಪಾಠ ಆಗಿತ್ತು. ಒಂದು ದೂರ, ಒಂದು ಪಕ್ಕಕ್ಕೆ, ಐದನೆಯದು ಹೊಟ್ಟೆಯ ಹತ್ತಿರ. ಅದೇ ದಾರಿ, ಅದೇ ಹನ್ನೆರಡು. ಚಾದರದಲ್ಲಿ ಇಲ್ಲದ್ದು ಈಗ ಖಾನೆಗಳಲ್ಲಿ ಇತ್ತು, ಅಷ್ಟೇ ವ್ಯತ್ಯಾಸ. ಮುಕ್ಕಾಲು ಗಂಟೆ ಹಿಡಿಯಿತು. ಹನ್ನೆರಡನೆಯದು ಇಟ್ಟು ಸ್ಟಿಕ್ಕಿನ ಅಂಚನ್ನು ಬೆರಳಿನಿಂದ ಒಮ್ಮೆ ತಟ್ಟಿದರು. ಸಾಲು ಮುಗಿಯಿತು ಎನ್ನುವ ಅವರ ಕಸುಬಿನ ರೂಢಿ ಅದು ಎಂದು ಚಾಚಿ ಆಮೇಲೆ ಹೇಳಿದರು.

ಚಾಚಿ ಬಗ್ಗಿ ತಿರುವುಮುರುವು ಸಾಲನ್ನು ಓದಿದರು. “ಏನೈತ್ರಿ ಚಾಚಿ?” ಈರೇಶ ಕೇಳಿದರು. ಚಾಚಿ ಅತ್ತಿಯ ಕಡೆ ತಿರುಗಿದರು.

“ನಿಮಗ ಹೇಳ್ಯಾರ್ರಿ, ಗೌರಕ್ಕ. ‘ಗೌರಾ ಊಟ ಮಾಡು.’”

ಇಪ್ಪತ್ತೈದು ದಿನ. ದಿನಕ್ಕೆ ಎಷ್ಟು ಸಲವೋ. ಈರೇಶ ಮಂಚದ ಕಾಲು ಹಿಡಿದು ನೆಲದ ಮೇಲೆ ಕುಸಿದು, ಅಪ್ಪನ ಹೊದಿಕೆಯಲ್ಲಿ ಮುಖ ಹುದುಗಿಸಿ ಅತ್ತರು. ನಾನು ಸ್ಟಿಕ್ಕು ಹಿಡಿದ ಕೈ ಅಲುಗಿಸದೆ ನಿಂತಿದ್ದೆ. ಇಂಥದ್ದನ್ನು ನೋಡುವ ಯೋಗ್ಯತೆ ನನಗೆ ಇದೆಯೇ ಅನಿಸಿತು.

ಅತ್ತಿ ಮಾತ್ರ ಗೋಡೆಗೆ ಒರಗಿಯೇ ಇದ್ದರು. “ಬಾಯಿಂದ ಬರಲಿ ಅಂತ ಹೇಳೀನಿ ದೇವರಿಗೆ. ಇದು ಬಾಯಿಂದ ಬಂದಿಲ್ಲ. ನಂಗೂ ಓದಾಕ ಬರೂದಿಲ್ಲ. ನಾ ಹೆಂಗ ನಂಬಲಿ?” ಎಂದರು. ಊಟಕ್ಕೆ ಏಳಲಿಲ್ಲ. ಮಾವನವರು ಸ್ಟಿಕ್ಕಿನ ಕಡೆ ಕೈ ತೋರಿಸಿ, ಗೋಡೆಯ ಕ್ಯಾಲೆಂಡರಿನ ಹಾಳೆ ತೋರಿಸಿದರು. ಅಚ್ಚು ತೆಗೆಯಬೇಕಂತೆ.

೩ ಫೆಬ್ರುವರಿ, ಸೋಮವಾರ

ಕಾಲೇಜಿಗೆ ರಜೆ ಹಾಕಿದೆ. ಶಾಯಿಯ ಡಬ್ಬಿ ತೆರೆದರೆ ಒಳಗೆ ಕಲ್ಲು. ರಬ್ಬರಿನ ರೋಲರು ಬಿರಿದುಹೋಗಿದೆ. ಚಾಚಿ ತಲೆಗೆ ಕೈ ಹಚ್ಚಿ ಕೂತರು. ನಾನು ಕೂರಲಿಲ್ಲ. ಮುನ್ನೂರು ವರ್ಷದ ಹಿಂದಿನವರಿಗೆ ರೋಲರು ಎಲ್ಲಿತ್ತು? ಅತ್ತಿಯ ಹರಕು ಸೀರೆಯ ತುಂಡಿಗೆ ಹತ್ತಿ ತುಂಬಿ ಚೆಂಡು ಕಟ್ಟಿದೆ. ದೇವರ ಮುಂದಿನ ದೀಪದಿಂದ ಅತ್ತಿ ಹಿಡಿದಿಟ್ಟ ಕಾಡಿಗೆಯ ಡಬ್ಬಿ ಕೇಳಿದೆ. “ಯಾಕ ಬೇ?” ಎಂದರು, ಕೊಟ್ಟರು. ಬಣ್ಣದ ಅಂಗಡಿಯಿಂದ ಅಗಸಿ ಎಣ್ಣೆ ತಂದು ಕಲ್ಲಿನ ಮೇಲೆ ಅರೆದೆ. ಮಾವನವರು ಮಂಚದಿಂದಲೇ ಕತ್ತು ಚಾಚಿ ನೋಡುತ್ತಿದ್ದರು. ತೆಳ್ಳಗಾದಾಗ ಮುಖ ಕಿವುಚಿದರು, ಇನ್ನಷ್ಟು ಕಾಡಿಗೆ ಹಾಕಿದೆ. ಗಟ್ಟಿಯಾದಾಗ ಕಣ್ಣು ಮುಚ್ಚಿ ತೆರೆದರು. ಒಂಬತ್ತು ವರ್ಷದಲ್ಲಿ ನಾನು ಮಾಡಿದ ಕೆಲಸಕ್ಕೆ ಮೊದಲ ಸಲ ಒಪ್ಪಿಗೆ ಸಿಕ್ಕಿತು. ಡಿಗ್ರಿ ಬಂದಾಗಲೂ ಇಷ್ಟು ಹಿಗ್ಗಿರಲಿಲ್ಲ.

ಅಷ್ಟೊತ್ತಿಗೆ ಗುಡದಪ್ಪ ಟೆಂಪೊ ತಂದ. ಈರೇಶ ಬಾಗಿಲಿಗೆ ಅಡ್ಡ ನಿಂತು, “ಮಾರೂದಿಲ್ಲೋ ಮಾರಾಯ, ಕೆಲಸ ನಡದೇತಿ,” ಎಂದರು. “ಯಾರ ಕೆಲಸ್ರಿ?” ಎಂದ ಅವನು. “ನಮ್ಮಪ್ಪಂದು.” ಗುಡದಪ್ಪ ಒಳಗೆ ಇಣುಕಿ, ಚಪ್ಪಲಿ ಬಿಟ್ಟು ಬಂದು, ಗೋಡೆಗೆ ಒತ್ತಿ ನಿಂತ.

ನಿನ್ನೆಯೇ ಒದ್ದೆ ಮಾಡಿಟ್ಟಿದ್ದ ಹಾಳೆ ತಂದೆ. ಚಾಚಿ ಸಾಲನ್ನು ದಾರದಿಂದ ಬಿಗಿದು ಕಟ್ಟಿದರು. ಚೆಂಡಿನಿಂದ ಮೆಲ್ಲಗೆ ಶಾಯಿ ಬಡಿದು, ಹಾಳೆ ಹಾಸಿ, ಮೇಲೆ ಕಂಬಳಿಯ ತುಂಡು ಹಾಕಿ ಕಟ್ಟಿಗೆಯ ದಿಂಡಿನಿಂದ ಒತ್ತಿದೆ. ಭುಜ ನೋಯುವವರೆಗೆ ಒತ್ತಿದೆ. ಹಾಳೆ ಎತ್ತಿದಾಗ ಅಕ್ಷರಗಳು ಸೀದಾ ಆಗಿ ನಿಂತಿದ್ದವು, ಕಪ್ಪಗೆ, ಒಂದೊಂದೂ ತನ್ನ ಕಾಲ ಮೇಲೆ. ಗುಡದಪ್ಪ ಕೈ ಮುಗಿದ.

ಹಾಳೆಯನ್ನು ಅತ್ತಿಯ ಕೈಗೆ ಕೊಟ್ಟೆ. ಓದಲು ಬಾರದ ಅವರು ಅದನ್ನು ತಿರುವಿ ಹಿಡಿದರು. ಒದ್ದೆ ಹಾಳೆಗೆ ಮೊಳೆ ಊರಿ ಹಿಂಬದಿಯಲ್ಲಿ ಅಕ್ಷರಗಳು ಉಬ್ಬಿ ನಿಂತಿದ್ದವು. ಅತ್ತಿ ಆ ಉಬ್ಬಿನ ಮೇಲೆ ಬೆರಳು ಎಳೆದರು, ಒಂದು ತುದಿಯಿಂದ ಇನ್ನೊಂದಕ್ಕೆ. “ನನ್ನ ಹೆಸರು ಯಾವುದು?” ಎಂದರು. ಮೊದಲ ನಾಲ್ಕು ಮೊಳೆಯ ಗುರುತಿನ ಮೇಲೆ ಅವರ ಬೆರಳು ಇಟ್ಟೆ. ಅಲ್ಲೇ ಎಷ್ಟೋ ಹೊತ್ತು ಇಟ್ಟುಕೊಂಡರು.

“ಐವತ್ತೊಂದು ವರ್ಷ ಸಂಸಾರ ಮಾಡೀನಿ,” ಎಂದರು, ನಮಗಲ್ಲ, ಮಾವನವರಿಗೆ. “ಬಾಯಿ ತುಂಬ ಒಂದಿನ ನನ್ನ ಹೆಸರ ಹಿಡದು ಕರದೀರೇನು? ಮಾತೆಲ್ಲ ಈ ಮೊಳಿಗೇ ಕೊಟ್ರಿ. ನಿಮ್ಮ ಬಾಯಿ ಯಾವಾಗಲೂ ಇದ ಇತ್ತು. ನಾನ ಮರತಿದ್ದೆ.”

ಆಮೇಲೆ ನನ್ನ ಕಡೆ ತಿರುಗಿ, “ಏ ಐಶ್ವರ್ಯಾ, ಎರಡು ರೊಟ್ಟಿ ಬಡಿ. ಚಾಚೀಗೂ ಗುಡದಪ್ಪಗೂ ಸೇರಿಸಿ ಬಡಿ,” ಎಂದರು.

ಕಪ್ಪು ಕೈ ತೊಳೆಯದೇ ಹಿಟ್ಟು ನಾದಲು ಹೋಗಿ ಬೈಸಿಕೊಂಡೆ. ಅತ್ತಿ ಮಂಚದ ಪಕ್ಕದಲ್ಲೇ ನೆಲಕ್ಕೆ ಕೂತು, ತಾಟು ತೊಡೆಯ ಮೇಲಿಟ್ಟುಕೊಂಡು, ಬದನೆಕಾಯಿ ಪಲ್ಯದ ಜೊತೆ ಎರಡು ರೊಟ್ಟಿ ಉಂಡರು. ಮಧ್ಯಾಹ್ನದ ಊಟ ಅದು. ಸಂಜೆಯೂ ಕೂತು ಉಂಡರು. ಎರಡು ಸಲವೂ ಮಾವನವರು ಕೊನೆಯ ತುತ್ತಿನವರೆಗೆ ನೋಡಿದರು. ಚಾದರದ ಮೇಲೆ ಎಡಗೈ ಸುಮ್ಮನೆ ಬಿದ್ದಿತ್ತು.